ಐವತ್ತನೆಯ ನಮೂದು

ಖಾನಾಪುರದ ಸಿದ್ದಿಗಳ ಬಗ್ಗೆ ಬೆಳಗಾವಿಯಲ್ಲಿ ಯಾರನ್ನೇ ಕೇಳಿ, ಸಿಗುವ ಉತ್ತರ ಒಂದೇ: ‘ಹಳಿಯಾಳಕ್ಕ ಹೋಗ್ರಿ.’ ಗ್ರಂಥಪಾಲಕರು ಹಾಗೆಂದರು. ಇತಿಹಾಸ ಪಾಠ ಮಾಡಿ ನಿವೃತ್ತರಾದ ಹಿರಿಯರೂ ಹಾಗೆಂದರು. ಹಳೆಯ ಫೋಟೊಗಳನ್ನು ಕೂಡಿಡುವ ಕ್ಯಾಂಪ್ ಪ್ರದೇಶದ ಒಬ್ಬರಂತೂ ‘ಖಾನಾಪುರದಾಗ ಸಿದ್ದಿ ಜನಾನ? ಎಲ್ಲಿ ಅದಾರ್ರಿ?’ ಎಂದು ನನ್ನನ್ನೇ ತಿರುಗಿ ಕೇಳಿದರು. ಖಾನಾಪುರ ಬೆಳಗಾವಿಯಿಂದ ದೂರವೇನಲ್ಲ, ಲೋಂಡಾ ಕಡೆಯ ರೈಲು ಹತ್ತಿದರೆ ಒಂದು ಚಹಾ ಮುಗಿಯುವಷ್ಟರಲ್ಲಿ ಬಂದೇಬಿಡುತ್ತದೆ. ಆ ತಾಲ್ಲೂಕಿನ ಕಾಡಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿ ಮನೆಗಳಿವೆ. ಗಡಿ ದಾಟಿದರೆ ಹಳಿಯಾಳ. ಅಲ್ಲಿರುವವರು ಇವರ ಬೀಗರು, ಸೋದರಮಾವಂದಿರು, ಕೊಟ್ಟುತಂದ ಮನೆಯವರು. ನಡುವೆ ಇರುವುದು ಬೆಳಗಾವಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗಡಿರೇಖೆ ಮಾತ್ರ.

ನಾನು ಮೊದಲು ಹುಡುಕಹೊರಟದ್ದು ಸಿನಿಮಾವನ್ನು. 2023ರ ಫೆಬ್ರುವರಿಯಲ್ಲಿ ಸೆನೆಗಲ್ ದೇಶದ ನಿರ್ದೇಶಕಿ ಸಾಫಿ ಫಾಯ್ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಆಗ 79 ವರ್ಷ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಹೆಣ್ಣುಮಗಳೊಬ್ಬಳು ನಿರ್ದೇಶಿಸಿ, ಚಿತ್ರಮಂದಿರಗಳಿಗೆ ಬಂದ ಮೊದಲ ಪೂರ್ಣಾವಧಿ ಚಿತ್ರ ಅವರದು. ತರಗತಿಯಲ್ಲಿ ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಮೇಡಂ, ನಮ್ಮ ಖಾನಾಪುರ ಕಡೀಗೂ ಆಫ್ರಿಕಾದಿಂದ ಬಂದವರು ಅದಾರ್ರಿ. ಅವರೊಳಗ ಯಾವ ಹೆಣ್ಮಗಳರ ಸಿನಿಮಾ ಮಾಡ್ಯಾಳೇನ್ರಿ?’ ರಾಷ್ಟ್ರಪ್ರಶಸ್ತಿಯ ಪಟ್ಟಿಯಲ್ಲಾಗಲಿ ರಾಜ್ಯಪ್ರಶಸ್ತಿಯ ಪಟ್ಟಿಯಲ್ಲಾಗಲಿ ಅಂಥ ನಿರ್ದೇಶಕಿಯ ಹೆಸರಿಲ್ಲ. ಅಷ್ಟು ಹೇಳಿ ಅವನನ್ನು ಕೂರಿಸಬಹುದಿತ್ತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಎಂದಮೇಲೆ ಅದಕ್ಕೊಂದು ಕಾರಣವಿರಬೇಕು, ಕಾರಣಕ್ಕೆ ಎಲ್ಲಾದರೊಂದು ಕಾಗದವೂ ಇರಬೇಕಲ್ಲ.

ಸಾಫಿ ಫಾಯ್ ಅವರ ಬದುಕೇ ಅಂಥ ಕಾಗದಗಳ ನಡುವೆ ದಾರಿ ಮಾಡಿಕೊಂಡು ಹೋದದ್ದು. ಅವರು ಹುಟ್ಟಿದ್ದು 1943ರಲ್ಲಿ, ಡಾಕಾರ್ ನಗರದಲ್ಲಿ. ಮನೆತನದ ಮೂಲ ಫಾದ್‌ಜಾಲ್ ಎಂಬ ಸೆರೇರ್ ಜನರ ಹಳ್ಳಿ. ಆಗ ಸೆನೆಗಲ್ ಫ್ರೆಂಚರ ವಸಾಹತು. ಅವರ ಹುಟ್ಟಿಗೆ ಒಂಬತ್ತು ವರ್ಷ ಮುಂಚೆ, 1934ರಲ್ಲಿ, ಲವಾಲ್ ಎಂಬ ಮಂತ್ರಿಯ ಹೆಸರಿನ ಆಜ್ಞೆಯೊಂದು ಹೊರಟಿತ್ತು: ವಸಾಹತುಗಳಲ್ಲಿ ಯಾರೇ ಸಿನಿಮಾ ತೆಗೆಯಬೇಕಾದರೂ ಸರಕಾರಕ್ಕೆ ಕಥೆ ತೋರಿಸಬೇಕು, ತೆಗೆಯುವವರ ಹೆಸರು ತಿಳಿಸಬೇಕು, ಅನುಮತಿ ಪಡೆಯಬೇಕು. ಆಫ್ರಿಕದವರಿಗೆ ಆ ಅನುಮತಿ ಸಿಗುವ ಮಾತೇ ಇರಲಿಲ್ಲ. ಆಫ್ರಿಕದ ಚಿತ್ರಕಾರ ಪಾಲಿನ್ ವಿಯೆರಾ ಮತ್ತು ಗೆಳೆಯರು 1955ರಲ್ಲಿ ತಮ್ಮ ಚಿತ್ರವನ್ನು ಆಫ್ರಿಕದಲ್ಲಿ ತೆಗೆಯಲಾಗದೆ ಪ್ಯಾರಿಸ್ಸಿನ ಬೀದಿಗಳಲ್ಲೇ ತೆಗೆದರು. ಒಂದು ಖಂಡದ ಜನ ತಮ್ಮ ಊರನ್ನು ತಾವೇ ಚಿತ್ರಿಸಿಕೊಳ್ಳದಂತೆ ತಡೆಯಲು ಸಾಲು ಸೈನ್ಯವೇನೂ ಬೇಕಾಗಲಿಲ್ಲ, ಒಂದು ಹಾಳೆ ಸಾಕಾಯಿತು.

ಸಾಫಿ ಓದಿ ಶಾಲಾ ಶಿಕ್ಷಕಿಯಾದರು. 1966ರಲ್ಲಿ ಡಾಕಾರಿನಲ್ಲಿ ಕರಿಯರ ಕಲೆಗಳ ಜಾಗತಿಕ ಉತ್ಸವ ನಡೆದಾಗ ಫ್ರೆಂಚ್ ಮಾನವಶಾಸ್ತ್ರಜ್ಞ ಮತ್ತು ಚಿತ್ರಕಾರ ಝಾಂ ರೂಶ್ ಪರಿಚಯವಾಯಿತು. ರೂಶ್ ತನ್ನ ‘ಪೆತಿ ಆ ಪೆತಿ’ ಚಿತ್ರದಲ್ಲಿ ಅವರಿಗೊಂದು ಪಾತ್ರ ಕೊಟ್ಟ. ಆ ಚಿತ್ರದಲ್ಲಿ ಒಂದು ತಮಾಷೆಯ ಪ್ರಸಂಗವಿದೆ. ನೈಜರ್ ದೇಶದವನೊಬ್ಬ ಪ್ಯಾರಿಸ್ಸಿಗೆ ಹೋಗಿ, ಅಲ್ಲಿನ ಜನ ಎಂಥವರು ಎಂದು ‘ಅಧ್ಯಯನ’ ಮಾಡುತ್ತಾನೆ. ಬೀದಿಯಲ್ಲಿ ಹೋಗುವ ಬಿಳಿಯರನ್ನು ನಿಲ್ಲಿಸಿ ಅಳತೆಯ ಕಡ್ಡಿಯಲ್ಲಿ ತಲೆಬುರುಡೆ ಅಳೆಯುತ್ತಾನೆ, ಹಲ್ಲು ತೋರಿಸಿ ಎನ್ನುತ್ತಾನೆ. ಮೊದಲ ಸಲ ನೋಡಿದಾಗ ನಗು ಬಂದಿತ್ತು. ಖಾನಾಪುರದ ಹುಡುಕಾಟಕ್ಕೆ ಇಳಿದ ಮೇಲೆ ಅದೇ ಪ್ರಸಂಗವನ್ನು ನೋಡಿದಾಗ ಬಂದ ನಗು ಬೇರೆ ತರಹದ್ದು. ಅದಕ್ಕೆ ಮುಂದೆ ಬರುತ್ತೇನೆ.

ರೂಶ್‌ನ ಕ್ಯಾಮೆರಾದ ಮುಂದೆ ನಿಂತ ಸಾಫಿ ಅಲ್ಲೇ ಉಳಿಯಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಒಂದು ಕಡೆ ಮಾನವಶಾಸ್ತ್ರ, ಇನ್ನೊಂದು ಕಡೆ ಲೂಯಿ ಲ್ಯೂಮಿಯೆರ್ ಶಾಲೆಯಲ್ಲಿ ಸಿನಿಮಾ ಕಲಿತರು. 1972ರಲ್ಲಿ ಒಂದು ಕಿರುಚಿತ್ರ. 1975ರಲ್ಲಿ ಆ ಮೊದಲ ಪೂರ್ಣಾವಧಿ ಚಿತ್ರ, ‘ಕದ್ದೂ ಬೆಯ್ಕತ್’. ಫ್ರೆಂಚ್ ಸರಕಾರದ ಸಹಕಾರ ಇಲಾಖೆ ಕೊಟ್ಟ ಸಣ್ಣ ಮೊತ್ತ, ಮೂರೇ ಮಂದಿಯ ತಂಡ, ಕಪ್ಪು ಬಿಳುಪು ಫಿಲ್ಮ್, ನಟಿಸಲು ತನ್ನ ಹಳ್ಳಿಯವರೇ. ಹಳ್ಳಿಯಿಂದ ಬರೆದ ಕಾಗದದ ಧಾಟಿಯಲ್ಲಿ ಚಿತ್ರ ಸಾಗುತ್ತದೆ. ನ್ಗೋರ್ ಎಂಬ ಯುವಕನಿಗೆ ಕೊಲಂಬಾಳನ್ನು ಮದುವೆಯಾಗಬೇಕು. ಶೇಂಗಾ ಬೆಳೆ ಕೈಕೊಡುತ್ತದೆ, ತೆರ ಕಟ್ಟಲು ದುಡ್ಡಿಲ್ಲ, ಡಾಕಾರಿಗೆ ಕೂಲಿಗೆ ಹೋಗುತ್ತಾನೆ. ಕಥೆ ಇಷ್ಟೇ. ಉಳಿದದ್ದೆಲ್ಲ ಹೊಲ, ಬೇಸಾಯ, ಮರದಡಿ ಕೂತು ಆಡುವ ಮಾತು: ಫ್ರೆಂಚರು ಹೊರಿಸಿಹೋದ ಶೇಂಗಾ ಒಂದನ್ನೇ ಬೆಳೆಯುವ ಪದ್ಧತಿಯನ್ನು ಸ್ವತಂತ್ರ ಸರಕಾರವೂ ಏಕೆ ಮುಂದುವರಿಸಿದೆ, ಸಾಲ ವಸೂಲಿಗೆ ಬರುವ ಅಧಿಕಾರಿ ಯಾರವನು, ತೆರಿಗೆ ಯಾತಕ್ಕೆ. ಸೆನೆಗಲ್ ಸರಕಾರ ಚಿತ್ರವನ್ನು ನಿಷೇಧಿಸಿತು. ಹೊರಗೆ ಅದಕ್ಕೆ ಫ್ರಾನ್ಸಿನ ಝಾರ್ಜ್ ಸಾದೂಲ್ ಪ್ರಶಸ್ತಿ ಬಂತು, ಬರ್ಲಿನ್ ಉತ್ಸವದಲ್ಲಿ ಚಿತ್ರವಿಮರ್ಶಕರ ಒಕ್ಕೂಟದ ಪ್ರಶಸ್ತಿ ಬಂತು. ಶೇಂಗಾ ಎಂದಕೂಡಲೇ ನಮ್ಮ ತರಗತಿಯ ಅರ್ಧ ಹುಡುಗರು ನೆಟ್ಟಗೆ ಕೂತದ್ದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

1979ರ ‘ಫಾದ್‌ಜಾಲ್’ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಚಿತ್ರ. ಕಾನ್ ಉತ್ಸವಕ್ಕೂ ಹೋಗಿತ್ತು; 2018ರಲ್ಲಿ ಹೊಸದಾಗಿ ಶುಚಿಗೊಳಿಸಿದ ಪ್ರತಿ ಅದೇ ಕಾನ್‌ನಲ್ಲಿ ಮತ್ತೆ ತೆರೆಗೆ ಬಂತು. ಶಾಲೆಯ ಮಕ್ಕಳು ಫ್ರಾನ್ಸಿನ ರಾಜರ ಪಾಠವನ್ನು ಬಾಯಿಪಾಠ ಮಾಡುತ್ತಿರುತ್ತಾರೆ. ಶಾಲೆಯ ಹೊರಗೆ, ದೊಡ್ಡ ಮರದ ಬುಡದಲ್ಲಿ, ಅಜ್ಜನೊಬ್ಬ ಅದೇ ಮಕ್ಕಳಿಗೆ ಊರು ಹೇಗೆ ಹುಟ್ಟಿತು, ಮೊದಲು ಬಂದ ಹೆಂಗಸು ಯಾರು, ಯಾವ ಹೊಲ ಯಾರಿಗೆ ಹೇಗೆ ಬಂತು ಎಂದು ಹೇಳುತ್ತಾನೆ. ಯಾಕೆ ಹೇಳುತ್ತಾನೆ? 1964ರಲ್ಲಿ ಸೆನೆಗಲ್ ಸರಕಾರ ಬರೆಹದ ಹಕ್ಕುಪತ್ರವಿಲ್ಲದ ನೆಲವೆಲ್ಲ ದೇಶದ್ದು ಎಂದು ಕಾನೂನು ಮಾಡಿತ್ತು. ಹಳ್ಳಿಯವರ ಹತ್ತಿರ ಹಕ್ಕುಪತ್ರ ಎಲ್ಲಿಂದ ಬರಬೇಕು? ಅವರಲ್ಲಿದ್ದದ್ದು ಅಜ್ಜನ ಮಾತು. ಸಾಫಿ ಆ ಮಾತಿಗೆ ಕ್ಯಾಮೆರಾ ಹಿಡಿದರು. ಜಮೀನಿನ ತಂಟೆಯಲ್ಲಿ ಸಾಕ್ಷಿ ನುಡಿಸುವ ಹಾಗೆ ಆ ಚಿತ್ರ ನಡೆಯುತ್ತದೆ.

ಇದನ್ನು ತಲೆಯಲ್ಲಿಟ್ಟುಕೊಂಡು ಬೆಳಗಾವಿಯ ಗ್ರಂಥಾಲಯಗಳಿಗೆ ಹೋದೆ. 1848ರಷ್ಟು ಹಿಂದೆಯೇ ಸಾರ್ವಜನಿಕ ವಾಚನಾಲಯ ಕಟ್ಟಿಕೊಂಡ ಊರಿದು, ಹಳೆಯ ಕಾಗದಕ್ಕೆ ಬರವಿಲ್ಲ. ಮೊದಲು ಕೈಗೆತ್ತಿಕೊಂಡದ್ದು ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬೈ ಪ್ರಾಂತದ ಗ್ಯಾಸೆಟಿಯರುಗಳನ್ನು. ಕೆನರಾ ಸಂಪುಟ 1883ರದು, ಬೆಳಗಾವಿ ಸಂಪುಟ 1884ರದು. ಗ್ಯಾಸೆಟಿಯರಿನಲ್ಲಿ ಯಾವ ಜಾತಿಯ ವಿವರವನ್ನಾದರೂ ತೆರೆಯಿರಿ, ಒಂದೇ ಅಚ್ಚು: ಮೈಬಣ್ಣ, ಮೈಕಟ್ಟು, ಮನೆಮಾತು, ಮನೆ, ಊಟ, ಉಡುಪು, ಗುಣ, ಕಸುಬು. ಸಿದ್ದಿಗಳು ಕಾಣಸಿಗುವುದು ಕೆನರಾ ಸಂಪುಟದಲ್ಲಿ, ಈ ಅಚ್ಚಿನೊಳಗೇ. ಮಾಹಿತಿ ಕೊಟ್ಟ ಗುಮಾಸ್ತ, ಬರೆದ ಅಧಿಕಾರಿ, ತಿದ್ದಿದ ಸಂಪಾದಕ ಎಲ್ಲರೂ ಗಂಡಸರು. ಸಿದ್ದಿ ಹೆಂಗಸು ಅಲ್ಲಿ ಉಟ್ಟ ಬಟ್ಟೆ ಮತ್ತು ತೊಟ್ಟ ಆಭರಣ. ಹೆಸರೊಂದೂ ಇಲ್ಲ. ಜಾತಿಯ ವಿವರಗಳಲ್ಲಿ ಗ್ಯಾಸೆಟಿಯರು ಯಾವ ವ್ಯಕ್ತಿಯ ಹೆಸರನ್ನೂ ಕೊಡುತ್ತಿರಲಿಲ್ಲ, ನಿಜ. ಆದರೆ ದೇಸಾಯರಿಗೆ, ಇನಾಂದಾರರಿಗೆ, ಮಠಗಳಿಗೆ ಬೇರೆ ದಫ್ತರಗಳಿದ್ದವು. ಇವರಿಗೆ ಅದೊಂದೇ.

ಇವರು ಇಲ್ಲಿಗೆ ಬಂದ ದಾರಿ ಗೋವೆಯಿಂದ. ಮೊಜಾಂಬಿಕ್ ಕಡೆಯಿಂದ ಪೋರ್ಚುಗೀಸರು ಹಡಗಿನಲ್ಲಿ ತಂದ ಗುಲಾಮರು ಗೋವೆಯ ಮನೆಗಳಲ್ಲಿ, ಬಂದರಿನಲ್ಲಿ ದುಡಿದರು. ಜೀನೆಟ್ ಪಿಂಟೊ 1992ರಲ್ಲಿ ಈ ಕುರಿತೇ ಒಂದು ಪುಸ್ತಕ ಪ್ರಕಟಿಸಿದ್ದಾರೆ. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಸೂಪಾ, ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡು ಸೇರಿದರು. ಇಂಗ್ಲಿಷರ ಆಳ್ವಿಕೆಯಲ್ಲಿ 1843ರ ಐದನೆಯ ಕಾಯ್ದೆ ಗುಲಾಮಗಿರಿಯ ಕಾನೂನುಬಲವನ್ನು ಕಿತ್ತುಹಾಕಿತು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದೆಂದು ಸಾರಿದ್ದು 1869ರಲ್ಲಿ. ಎಂದರೆ ಇಪ್ಪತ್ತಾರು ವರ್ಷ ಕಾಲ ಘಟ್ಟದ ಕೆಳಗೆ ಒಂದು ಕಾನೂನು, ಮೇಲೆ ಒಂದು ಕಾನೂನು. ಗಡಿಯ ಈ ಬದಿಗೆ ಕಾಲಿಟ್ಟವನನ್ನು ಯಜಮಾನ ಕೋರ್ಟಿಗೆ ಹೋಗಿ ವಾಪಸು ಕೇಳುವಂತಿರಲಿಲ್ಲ. ಗಡಿರೇಖೆಯೊಂದು ಸಿದ್ದಿಗಳಿಗೆ ಅನುಕೂಲವಾಗಿ ಬಂದದ್ದು ಆಗ. ಮತ್ತೊಂದು ಗಡಿ ಏನು ಮಾಡಿತೆಂಬುದು ಇನ್ನೂರು ಪುಟಗಳ ಆಚೆಯ ಬೇರೆ ಕಡತದಲ್ಲಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಗ್ಯಾಸೆಟಿಯರಿನ ಜಾಗಕ್ಕೆ ವಿದ್ವಾಂಸರು ಬಂದರು. ಟಿ.ಸಿ. ಪಾಲಾಕ್ಷಪ್ಪ ಅವರ ಪುಸ್ತಕ 1976ರಲ್ಲಿ ಬಂತು. ಅದರ ಹೆಸರಿನಲ್ಲೇ ಉತ್ತರ ಕನ್ನಡ ಇದೆ. ಸಿಪ್ರಿಯನ್ ಲೋಬೊ, ಕಿರಣ್ ಕಮಲ್ ಪ್ರಸಾದ್, ಘಾನಾ ದೇಶದ ಪಾಶಿಂಗ್ಟನ್ ಒಬೆಂಗ್ ಬರೆದರು. ಒಬೆಂಗ್ ಆಫ್ರಿಕದವರೇ ಆದ್ದರಿಂದ ಅವರ ಪುಸ್ತಕದಲ್ಲಿ ಕೇಳುವ ಪ್ರಶ್ನೆಗಳ ದಿಕ್ಕು ಬೇರೆ, ಅದು ನನಗೆ ಹೆಚ್ಚು ಹಿಡಿಸಿತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆ ಹಾಕಿ ಸಿದ್ದಿ ಮಕ್ಕಳನ್ನು ಓಟಕ್ಕೆ, ಜಿಗಿತಕ್ಕೆ ಆರಿಸಿ ಕರೆದೊಯ್ದಿತು. ಆಫ್ರಿಕದ ರಕ್ತ ಇದ್ದಮೇಲೆ ಪದಕ ಬಂದೇ ಬರುತ್ತದೆ ಎಂಬ ಲೆಕ್ಕ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. 2011ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿ ಪರೀಕ್ಷಿಸಿ, ಬಾಂಟು ಜನರ ಜೊತೆಗಿನ ನಂಟನ್ನು ಖಚಿತಪಡಿಸಿದರು. ಮೈಕಟ್ಟು ಬರೆದಾಯಿತು, ಓಡಿಸಿ ನೋಡಿದ್ದಾಯಿತು, ರಕ್ತವನ್ನೂ ಅಳೆದದ್ದಾಯಿತು. ಪ್ಯಾರಿಸ್ಸಿನ ಬೀದಿಯಲ್ಲಿ ತಲೆಬುರುಡೆ ಅಳೆಯುವ ಆ ನೈಜರಿನವನಿಗೆ ಖಾನಾಪುರದ ಬಸ್‌ಸ್ಟ್ಯಾಂಡಿನಿಂದ ಬೆಳಗಾವಿಗೆ ಒಂದು ಟಿಕೆಟು ತೆಗೆಸಿಕೊಡಬೇಕೆನಿಸಿತು. ನಮ್ಮ ಸಂಶೋಧಕರ ತಲೆ ಅಳೆದು ಹೋಗಲಿ.

ಇಷ್ಟರಲ್ಲೂ ಖಾನಾಪುರ ಇರಲಿಲ್ಲ. ಇದ್ದರೆ ಒಂದೆರಡು ಸಾಲು. ಅದಕ್ಕೆ ಕಾರಣ ಜನಗಣತಿಯ ಕೋಷ್ಟಕಗಳಲ್ಲಿ ಸಿಕ್ಕಿತು. ಎಲ್ಲ ಜಾತಿಗಳನ್ನೂ ಎಣಿಸಿ ಪ್ರಕಟಿಸಿದ ಕೊನೆಯ ಗಣತಿ 1931ರದು. ಸ್ವತಂತ್ರ ಭಾರತದ ಗಣತಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳನ್ನು ಮಾತ್ರ ಬೇರೆಯಾಗಿ ಎಣಿಸಿತು. ಕರ್ನಾಟಕದ ಪಂಗಡಗಳ ಪಟ್ಟಿಯಲ್ಲಿ ಸಿದ್ದಿ ಎಂಬ ಹೆಸರು ಇರಲೇ ಇಲ್ಲ. ಆದ್ದರಿಂದ 1951ರಿಂದ 2001ರ ತನಕ ಯಾವ ಗಣತಿಯ ಕೋಷ್ಟಕದಲ್ಲೂ ಅವರಿಗೊಂದು ಸಾಲು ಇಲ್ಲ. ಆ ಅರ್ಧ ಶತಮಾನದಲ್ಲಿ ಖಾನಾಪುರದಲ್ಲಿ ಬೇರೆ ಎಣಿಕೆ ಎಷ್ಟು ಜೋರಾಗಿ ನಡೆಯಿತು! 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. 1967ರ ಮಹಾಜನ ವರದಿ ಖಾನಾಪುರ, ನಂದಗಡ ಸಹಿತ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಲು ಶಿಫಾರಸು ಮಾಡಿತು. ಯಾವ ಹಳ್ಳಿಯಲ್ಲಿ ಕನ್ನಡಿಗರೆಷ್ಟು, ಮರಾಠಿಗರೆಷ್ಟು ಎಂದು ಎರಡೂ ಕಡೆಯವರು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದರು. ಮನೆಯಲ್ಲಿ ಕೊಂಕಣಿ ಆಡುವ ಸಿದ್ದಿಗಳು ಯಾರ ಲೆಕ್ಕಕ್ಕೂ ಬೇಕಾಗಲಿಲ್ಲ.

2003ರ ಜನವರಿಯಲ್ಲಿ ಪಟ್ಟಿಗೆ ತಿದ್ದುಪಡಿಯಾಯಿತು. ಕರ್ನಾಟಕದ 49 ನಮೂದುಗಳ ಕೆಳಗೆ ಐವತ್ತನೆಯದಾಗಿ ‘ಸಿದ್ದಿ’ ಸೇರಿತು. ಅದರ ಪಕ್ಕದಲ್ಲಿ ಆವರಣದೊಳಗೆ ಒಂದು ಷರತ್ತು: ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ. ಅಲ್ಲಿಗೆ ಹಳಿಯಾಳದ ತಂಗಿ ಪರಿಶಿಷ್ಟ ಪಂಗಡ, ಖಾನಾಪುರದ ಅಕ್ಕ ಅಲ್ಲ. ಮದುವೆಯಾಗಿ ಗಡಿ ದಾಟಿ ಬಂದವಳಿಗೆ ತವರಿನ ಪ್ರಮಾಣಪತ್ರವಿರಬಹುದಿತ್ತು, ಅವಳಿಗೆ ಇಲ್ಲಿ ಹುಟ್ಟಿದ ಮಗಳಿಗೆ ಇರಲಿಲ್ಲ. ‘ಹಳಿಯಾಳಕ್ಕ ಹೋಗ್ರಿ’ ಎಂದು ಬೆಳಗಾವಿಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರ ಮೂಲ ಇಲ್ಲಿದೆ. ಪಟ್ಟಿಯೇ ಹಾಗೆ ಹೇಳುತ್ತಿದ್ದಾಗ ಗ್ರಂಥಪಾಲಕರನ್ನು ಅಂದು ಏನು ಪ್ರಯೋಜನ? ಕಾಯ್ದೆಯಿಂದ ಕಚೇರಿಗೆ, ಕಚೇರಿಯಿಂದ ಪ್ರಬಂಧಗಳಿಗೆ, ಪ್ರಬಂಧಗಳಿಂದ ಜನರ ಬಾಯಿಗೆ ಆ ಷರತ್ತು ಇಳಿದಿತ್ತು.

ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಹೆಸರು ಆ ಆವರಣದೊಳಗೆ ಸೇರಿದ್ದು 2020ರ ತಿದ್ದುಪಡಿಯಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಕರ್ನಾಟಕದ ಶಾಸಕಾಂಗ ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಕ್ಕೆ ಅವರು ಬಂದು ಕೂರುವ ಹೊತ್ತಿಗೆ, ಅಲ್ಲಿಂದ ಒಂದು ತಾಸಿನ ದಾರಿಯಲ್ಲಿರುವ ಅವರ ಜನಕ್ಕೆ ಪ್ರಮಾಣಪತ್ರದ ಬಾಗಿಲು ಆಗಷ್ಟೇ ತೆರೆದಿತ್ತು. ಹದಿನೇಳು ವರ್ಷದ ವ್ಯತ್ಯಾಸ. ಆ ಹದಿನೇಳು ವರ್ಷಗಳಲ್ಲಿ ಹಳಿಯಾಳದ ಹುಡುಗಿಗೆ ದಕ್ಕಬಹುದಾಗಿದ್ದ ಪಂಗಡದ ವಿದ್ಯಾರ್ಥಿವೇತನ, ಹಾಸ್ಟೆಲು, ಮೀಸಲು ಸೀಟು ಇವೆಲ್ಲ ಖಾನಾಪುರದವಳಿಗೆ ಇರಲಿಲ್ಲ. ಪುಣೆಯ ಚಲನಚಿತ್ರ ಸಂಸ್ಥೆಯೂ ಸೀಟುಗಳನ್ನು ಮೀಸಲಿಡುತ್ತದೆ. ಸಾಫಿ ಫಾಯ್ ಕೈಯಲ್ಲಿ ಶಿಕ್ಷಕಿಯ ಸರ್ಟಿಫಿಕೇಟು ಇತ್ತು, ಸಂಬಳ ಇತ್ತು. ಆ ಸಂಬಳದ ನೌಕರಿಯೇ ಅವರನ್ನು ಡಾಕಾರಿನ ಉತ್ಸವದ ತನಕ, ಅಲ್ಲಿಂದ ಪ್ಯಾರಿಸ್ಸಿನ ತನಕ ಮುಟ್ಟಿಸಿತು. ಪ್ರತಿಭೆಯ ಮಾತು ಆಮೇಲಿನದು. ನಮ್ಮ ಹುಡುಗನ ಪ್ರಶ್ನೆಗೆ ನನ್ನ ಮೊದಲ ಉತ್ತರ ಐವತ್ತನೆಯ ನಮೂದಿನ ಆ ಆವರಣದಲ್ಲಿದೆ.

2024ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಗೆದ್ದ ಮಾತಿ ದಿಯೊಪ್ ಅವರ ‘ದಹೋಮೆ’ ಕೂಡ ಇಂಥದೇ ಒಂದು ಸಂಖ್ಯೆಯ ಬೆನ್ನು ಹತ್ತಿದ ಚಿತ್ರ. ದಿಯೊಪ್ ಸೆನೆಗಲ್ ಮೂಲದ ಫ್ರೆಂಚ್ ನಿರ್ದೇಶಕಿ. ಫ್ರೆಂಚರು ದಹೋಮೆ ರಾಜ್ಯದಿಂದ ಲೂಟಿ ಮಾಡಿಕೊಂಡು ಹೋಗಿದ್ದ ವಸ್ತುಗಳಲ್ಲಿ 26 ಮಾತ್ರ 2021ರಲ್ಲಿ ಬೆನಿನ್ ದೇಶಕ್ಕೆ ವಾಪಸು ಬಂದವು. ಚಿತ್ರದಲ್ಲಿ ಇಪ್ಪತ್ತಾರನೆಯ ವಸ್ತು, ಒಬ್ಬ ರಾಜನ ಪ್ರತಿಮೆ, ಪೆಟ್ಟಿಗೆಯ ಕತ್ತಲಲ್ಲಿ ಮಲಗಿ ತಾನೇ ಮಾತಾಡುತ್ತದೆ. ತನ್ನನ್ನು ಹೆಸರಿನಿಂದ ಕರೆಯದೆ ಸಂಖ್ಯೆಯಿಂದ ಕರೆದದ್ದು ಅದಕ್ಕೆ ಒಗ್ಗುವುದಿಲ್ಲ. ನಮೂದುಗಳಿಗೆ ಬಾಯಿ ಬಂದರೆ ಹೀಗೆ ಮಾತಾಡುತ್ತವೆ. ಅಂದಹಾಗೆ, ಆಫ್ರಿಕದ ಅತಿ ದೊಡ್ಡ ಚಿತ್ರೋತ್ಸವ ಬುರ್ಕಿನಾ ಫಾಸೊದ ವಾಗಡುಗುವಿನಲ್ಲಿ ನಡೆಯುತ್ತದೆ. ಅಲ್ಲಿಯ ಅತ್ಯುನ್ನತ ಪ್ರಶಸ್ತಿ ಯೆನ್ನೆಂಗಾ ಎಂಬ ವೀರ ರಾಜಕುಮಾರಿಯ ಹೆಸರಿನ ಚಿನ್ನದ ಕುದುರೆ. 2025ರ ಉತ್ಸವದ ತನಕ ಒಬ್ಬ ಹೆಂಗಸಿಗೂ ಅದು ಸಿಕ್ಕಿಲ್ಲ. ಕುದುರೆ ಹೆಣ್ಣಿನದು, ಹತ್ತಿದವರೆಲ್ಲ ಗಂಡಸರು.

ಇನ್ನು ಸಿನಿಮಾದ ದಾಖಲೆಗಳು. ಸಿದ್ದಿಗಳು ಕನ್ನಡ ರಂಗಭೂಮಿಗೆ ಬಂದ ದಾರಿ ಹೆಗ್ಗೋಡಿನ ನೀನಾಸಂದು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅವರು ಮಂಚಿಕೇರಿ ಕಡೆಯ ಸಿದ್ದಿಗಳನ್ನೇ ಕಟ್ಟಿಕೊಂಡು, ನೈಜೀರಿಯದ ಚಿನುವಾ ಅಚಿಬೆಯ ಪ್ರಸಿದ್ಧ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿದರು. ಕಾಡಿನಲ್ಲಿ ಅಡಕೆ ತೋಟದ ಆಳಾಗಿದ್ದವರು ವೇದಿಕೆಯ ಮೇಲೆ ಆಫ್ರಿಕದ ಹಳ್ಳಿಯೊಂದರ ಮುಖ್ಯಸ್ಥರಾದರು. ಮುಂದಿನ ತಲೆಮಾರಿನ ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾದ ಪರಿಚಿತ ನಟ. ಗಿರಿಜಾ ಸಿದ್ದಿ ರಂಗನಟಿ, ಗಾಯಕಿ. 2021ರ ‘ಸಲಗ’ ಚಿತ್ರದಲ್ಲಿ ಅವರೂ ಗೀತಾ ಸಿದ್ದಿಯವರೂ ಹಾಡಿದ ಹಾಡು ನಾಡಿನ ಎಲ್ಲ ಜಾತ್ರೆಯಲ್ಲೂ ಮೊಳಗಿತು. 2024ರಲ್ಲಿ ಜಯನ್ ಚೆರಿಯನ್ ಅವರು ಸಿದ್ದಿ ಬಾಲಕನೊಬ್ಬನ ಕಥೆಯನ್ನು ಸಿದ್ದಿಗಳನ್ನೇ ನಟರಾಗಿಸಿ ‘ರಿದಮ್ ಆಫ್ ದಮ್ಮಾಮ್’ ಎಂದು ಕೊಂಕಣಿಯಲ್ಲಿ ತೆಗೆದರು. ಗೋವೆಯ ಅಂತರರಾಷ್ಟ್ರೀಯ ಉತ್ಸವದಲ್ಲಿ ಅದು ತೆರೆ ಕಂಡಿತು. ಗುಜರಾತಿನ ಸಿದಿಗಳ ಬಗ್ಗೆ ಬೆಹ್ರೋಜ್ ಶ್ರಾಫ್ ಎಂಬ ನಿರ್ದೇಶಕಿ ಸಾಕ್ಷ್ಯಚಿತ್ರಗಳನ್ನು ಮಾಡಿದ್ದಾರೆ. ನಟರಿದ್ದಾರೆ, ಗಾಯಕಿಯರಿದ್ದಾರೆ, ಕಥೆಯೂ ಇದೆ. ಸಾಫಿ ಫಾಯ್ ರೂಶ್‌ನ ಚಿತ್ರದಲ್ಲಿ ನಿಂತಿದ್ದ ಜಾಗ ಅದು, ಕ್ಯಾಮೆರಾದ ಮುಂದೆ. ಅಲ್ಲಿಂದ ಹಿಂದಕ್ಕೆ ಹೋಗಲು ಅವರಿಗೆ ಕೆಲವು ವರ್ಷ ಹಿಡಿಯಿತು. ಕನ್ನಡದಲ್ಲಿ ಪ್ರೇಮಾ ಕಾರಂತರೂ ವೇಷಭೂಷಣ ವಿನ್ಯಾಸದಲ್ಲಿ ವರ್ಷಗಟ್ಟಲೆ ಕಳೆದ ಮೇಲೆಯೇ ‘ಫಣಿಯಮ್ಮ’ ನಿರ್ದೇಶಿಸಿದ್ದು.

ಈ ಮಾತು ಎತ್ತಿದಾಗಲೆಲ್ಲ ಯಾರಾದರೂ ಒಬ್ಬರು ಸಿದ್ದಿ ಹೆಂಗಸರ ಕವುದಿ ತೋರಿಸುತ್ತಾರೆ: ‘ನೋಡ್ರಿ, ಅವರದು ಅವರದೇ ಕಲೆ ಐತಿ.’ ಕವುದಿ ಚೆಂದವೇ. ಹೆನ್ರಿ ಡ್ರೂಯಲ್ ಎಂಬ ವಿದ್ವಾಂಸ ಅದನ್ನು ಅಮೆರಿಕದ ತನಕ ಒಯ್ದು ಹೆಸರು ತಂದರು. ನಾಲ್ಕು ಮೂಲೆಗೆ ಮಡಚಿ ಹೊಲಿಯುವ ‘ಫುಲಾ’ ಇಲ್ಲದಿದ್ದರೆ ಕವುದಿ ಬೆತ್ತಲೆ ಎನ್ನುವ ಅವರ ಹಟ ನನಗೂ ಇಷ್ಟ. ಆದರೆ ಹಕ್ಕಿನ ಪ್ರಶ್ನೆ ಕೇಳಿದವರ ಮೇಲೆ ಕವುದಿ ಹೊದಿಸಿ ಮಲಗಿಸುವ ಅಭ್ಯಾಸ ಇಷ್ಟವಿಲ್ಲ.

ಖಾನಾಪುರದ ಆ ಕಾಡಂಚಿನ ಹಳ್ಳಿಗೆ ನಾನು ಹೋದದ್ದು ಪ್ರಶ್ನೆ ಕೇಳಿದ ಹುಡುಗನ ಜೊತೆ. ಅವನ ಗೆಳೆಯನ ಊರು. ಅಲ್ಲಿ ಯಾರೂ ಸಿನಿಮಾದ ಮಾತೆತ್ತಲಿಲ್ಲ. ಮಾತೆಲ್ಲ ಅರಣ್ಯ ಹಕ್ಕಿನ ಅರ್ಜಿಯದು. 2006ರ ಅರಣ್ಯ ಹಕ್ಕು ಕಾಯ್ದೆ ಓದಿದವರಿಗೆ ಇದರ ಕಷ್ಟ ತಿಳಿದೀತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನ ನೆಲದಲ್ಲಿದ್ದರೆ ಸಾಕು. ಪಂಗಡಕ್ಕೆ ಸೇರದ ಇತರ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿದ್ದನ್ನು ತೋರಿಸಬೇಕು. ಹಳಿಯಾಳದ ಸಿದ್ದಿ 2005ರ ಕಾಗದ ಹುಡುಕಿದರೆ, ಬೇಲಿಯಾಚೆಯ ಖಾನಾಪುರದ ಸಿದ್ದಿ 1930ರ ಕಾಗದ ಹುಡುಕಬೇಕಾಯಿತು. ಯಾವ 1930? ಗ್ಯಾಸೆಟಿಯರು ಹೆಸರು ಬರೆಯಲಿಲ್ಲ. 1931ರ ಗಣತಿಯ ಕೋಷ್ಟಕ ಜನರನ್ನು ಕೂಡಿಸಿದ ಸಂಖ್ಯೆ, ಅದರಲ್ಲಿ ಮನೆಯ ಯಜಮಾನನ ಹೆಸರಿಲ್ಲ. ಜಮೀನಿನ ಹಳೆಯ ದಫ್ತರ ಮೋಡಿ ಲಿಪಿಯಲ್ಲಿ, ಅದೂ ಜಮೀನಿದ್ದವರದು. ಸರಕಾರ ತಾನೇ ಬರೆದಿಡದ ಸಾಕ್ಷಿಯನ್ನು ಜನರಿಂದ ಕೇಳುತ್ತಿತ್ತು. 2020ರ ತಿದ್ದುಪಡಿಯ ನಂತರ ಇವರೂ ಪಂಗಡದವರಾಗಿ ಅರ್ಜಿ ಹಾಕಬಹುದು. ಆದರೂ ನೆಲದಲ್ಲಿದ್ದುದಕ್ಕೆ ಸಾಕ್ಷಿಯಂತೂ ಬೇಕೇ ಬೇಕು.

ಆ ಕಾಯ್ದೆಯ ನಿಯಮಾವಳಿಯ ಹದಿಮೂರನೆಯ ನಿಯಮ ಯಾವ್ಯಾವುದನ್ನು ಸಾಕ್ಷಿಯಾಗಿ ಒಪ್ಪಬಹುದೆಂದು ಹೇಳುತ್ತದೆ. ಗ್ಯಾಸೆಟಿಯರು, ಗಣತಿ, ಸರ್ವೆ ನಕಾಶೆ, ಪಡಿತರ ಚೀಟಿ, ಹಳೆಯ ಬಾವಿ, ಸಮಾಧಿ, ದೇವರ ಜಾಗ. ಪಟ್ಟಿಯ ಕೊನೆಯ ಕಡೆ ಹೀಗೊಂದು ಬಗೆ: ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರವಣಿಗೆಗೆ ಇಳಿಸಿದ್ದು. ಇದೊಂದೇ ಸಾಲದು, ಜೊತೆಗೆ ಇನ್ನೊಂದಾದರೂ ಬೇಕು. ಆದರೂ ಆ ಸಾಲನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದವನು ಫಾದ್‌ಜಾಲ್‌ನ ಮರದಡಿಯ ಅಜ್ಜ. ಸೆನೆಗಲ್ಲಿನ 1964ರ ಕಾನೂನು ಕೇಳಿಸಿಕೊಳ್ಳದ ಮಾತಿಗೆ ನಮ್ಮ ಕಾನೂನು ಒಂದು ಕಿವಿ ಇಟ್ಟಿದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ.

ಊರಿನ ಹಿರಿಯಜ್ಜಿ ಜಗುಲಿಯಲ್ಲಿ ಕೂತಿದ್ದರು. ಪಕ್ಕದ ಮನೆಯವರ ಅರ್ಜಿಗೆ ಅವರು ಹೇಳಿಕೆ ಕೊಡಬೇಕು. ಇವರ ಮನೆಯ ಅರ್ಜಿಗೆ ಇನ್ನೊಂದು ಮನೆಯ ಹಿರಿಯರು. ಅಜ್ಜಿ ಕೊಂಕಣಿಯಲ್ಲಿ ಹೇಳುತ್ತ ಹೋದರು. ಯಾವ ವರ್ಷ ಎಂದು ಕೇಳಿದರೆ ಉತ್ತರವಿಲ್ಲ. ಯಾವ ಮರ, ಯಾವ ಬಾವಿ, ಯಾರ ಮದುವೆಯ ಆಚೆ ವರ್ಷ ಎಂದು ಕೇಳಿದರೆ ಪಟಪಟನೆ ಬರುತ್ತಿತ್ತು. ಬರೆದುಕೊಳ್ಳುತ್ತಿದ್ದ ಹುಡುಗ ಹಿಂದೆ ಬಿದ್ದ.

‘ಆಯೀ, ಜರಾ ನಿಧಾನ,’ ಎಂದಳು ಅಜ್ಜಿಯ ಮೊಮ್ಮಗಳು. ಪಿಯುಸಿ ಓದುವ ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ, ‘ಅಕ್ಕಾರ, ಇದನ್ನ ವಿಡಿಯೋ ಮಾಡಿ ಕೊಟ್ರ ನಡೀತೈತೇನ್ರಿ?’ ಎಂದು ಕೇಳಿದಳು.

ನಿಯಮದಲ್ಲಿ ಬರವಣಿಗೆ ಎಂದೇ ಇದೆ, ಹೆಬ್ಬೆಟ್ಟೂ ಬೇಕು, ಆದರೆ ವಿಡಿಯೋ ಮಾಡಿಕೊಂಡು ಅದನ್ನು ಕೇಳಿ ಬರೆಯಲು ಯಾರ ಅಡ್ಡಿಯೂ ಇಲ್ಲ, ಎರಡನ್ನೂ ಸಮಿತಿಯ ಮುಂದಿಡಿ ಎಂದೆ. ಸಾಫಿ ಫಾಯ್ ಹೆಸರು ಹೇಳೋಣವೆಂದು ಬಾಯಿ ತೆರೆದೆ. ಅವಳು ಆಗಲೇ ಅಜ್ಜಿಯನ್ನು ಎಬ್ಬಿಸುತ್ತಿದ್ದಳು.

‘ಇಲ್ಲಿ ಬ್ಯಾಡ ಆಯೀ, ಬಾವಿ ಕಡೆ ನಡಿ. ಬಾವಿ ಕಾಣಬೇಕು ಹಿಂದ.’ ನಾಲ್ಕು ಹೆಜ್ಜೆ ಹೋಗಿ ಫೋನು ನೋಡಿಕೊಂಡು ನಿಂತಳು. ‘ಜಾಗಾನೇ ಇಲ್ಲಲ್ಲ ಇದರಾಗ. ಯಾರದರ ಮದುವಿ ವಿಡಿಯೋ ಅಳಿಸಬೇಕು ಈಗ. ಏ ಅಣ್ಣಾ, ನಿಂದು ಅಳಿಸಲೇನು?’